ಮುಟ್ಟಬಾರದ ಮೊಣಕೈ

ಇದು ೧೯೮೯ರ ಮಾತು. ಆಗ ನಾವು ಗೋವಾದ ಮಡ್ಕಯಿಯಲ್ಲಿದ್ದೆವು. ನಮ್ಮವರು ಅಲ್ಲಿಯ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಹೆಲ್ಪರ್ ಆಗಿದ್ದರು. ನಾನು ಗೋಡಂಬಿ ಬೀಜ ಒಡೆಯುವ ಕೆಲಸಕ್ಕೆ ಹೋಗುತ್ತಿದ್ದೆ. ವಿಜಾಪುರ ಕಡೆಯಿಂದ ಬಂದ ನಮ್ಮಂಥ ಐದಾರು ಮನೆಯವರು ಒಂದೇ ಸಾಲಿನ ಹಂಚಿನ ಖೋಲಿಗಳಲ್ಲಿ ಬಾಡಿಗೆಗಿದ್ದೆವು. ನಮ್ಮ ಖೋಲಿಯಲ್ಲಿ ನಾವಿಬ್ಬರು, ಎಂಟು ವರ್ಷದ ಮಗಳು ರೇಣುಕಾ, ಮತ್ತು ನಮ್ಮ ಅತ್ತೆ ನೀಲವ್ವ.

ಅತ್ತೆಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಬಾಣಂತಿಯರಿಗೆ ಎರೆಯುವುದು, ಕೂಸುಗಳಿಗೆ ಎಣ್ಣೆ ಹಚ್ಚಿ ತಿಕ್ಕುವುದು, ಉಳುಕು ತೆಗೆಯುವುದು ಅವರಿಗೆ ಅವರ ತಾಯಿಯಿಂದ ಬಂದ ವಿದ್ಯೆ. ಊರಲ್ಲಿ ನಮ್ಮ ಓಣಿಯ ಅರ್ಧ ಮಕ್ಕಳು ಅವರ ಕಾಲ ಮೇಲೆ ಮಲಗಿ ಎಣ್ಣೆ ಹಚ್ಚಿಸಿಕೊಂಡು ಬೆಳೆದವು. ಗೋವಾಕ್ಕೆ ಬಂದ ಮೇಲೂ ಕೈ ಸುಮ್ಮನಿರಲಿಲ್ಲ. ನಮ್ಮ ಖೋಲಿಗಳ ಮಾಲಕಿ, ಕೊಂಕಣಿ ಮಾತಾಡುವ ಹೆಂಗಸು, ಸೊಂಟ ಹಿಡಿದಾಗಲೆಲ್ಲ ತಾನೇ ಬಂದು ಅತ್ತೆಯನ್ನು ಕರೆದುಕೊಂಡು ಹೋಗುತ್ತಿದ್ದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ, ಆದರೆ ಸೊಂಟ ಮಾತ್ರ ಸಡಿಲಾಗುತ್ತಿತ್ತು. ಇನ್ನೊಂದು ವಿಷಯ. ಅತ್ತೆ ಬೇರೆ ಯಾವುದಕ್ಕೂ ಅಷ್ಟು ಹಟ ಹಿಡಿಯುವವರಲ್ಲ, ಎಡಗೈ ಎಂದರೆ ಮಾತ್ರ ಸಿಟ್ಟು ನೆತ್ತಿಗೇರುತ್ತಿತ್ತು. ಎಡಗೈಯಲ್ಲಿ ನೀರಿನ ಚರಿಗೆ ಕೊಟ್ಟರೂ ಮುಖ ತಿರುಗಿಸುತ್ತಿದ್ದರು. ಮೊಮ್ಮಗಳು ಎಡಗೈಯಿಂದ ರೊಟ್ಟಿ ಮುಟ್ಟಿದರೆ ಫಟ್ಟನೆ ಏಟು ಬೀಳುತ್ತಿತ್ತು.

ಮೇ ತಿಂಗಳ ರಜೆ. ಗೇರುಹಣ್ಣಿನ ಕಡೆಗಾಲ. ಸಾಲಿನ ಮಕ್ಕಳೆಲ್ಲ ಹಿಂದಿನ ಗುಡ್ಡಕ್ಕೆ ಹೋಗಿ ಗೇರುಹಣ್ಣು ಚೀಪಿ, ಅಂಗಿಗೆ ಕಲೆ ಮಾಡಿಕೊಂಡು ಬರುತ್ತಿದ್ದವು. ಒಂದು ಮಧ್ಯಾಹ್ನ ರೇಣುಕಾ ಮರದಿಂದ ಬಿದ್ದಳು. ಯಾರೋ ಹೇಳಿ ಕಳಿಸಿ ನಾನು ಓಡಿ ಬರುವಷ್ಟರಲ್ಲಿ ಬಲ ಮೊಣಕೈ ತಿರುಗಬಾರದ ಕಡೆಗೆ ತಿರುಗಿಕೊಂಡಿತ್ತು. ಫೋಂಡಾದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೀಲು ತಪ್ಪಿದೆ, ಎಲುಬಿನ ಸಣ್ಣ ಚೂರೂ ಮುರಿದಿದೆ ಎಂದು ಹೇಳಿ, ಕೂಡಿಸಿ, ಪ್ಲಾಸ್ಟರ್ ಹಾಕಿದರು. ಅಷ್ಟರಲ್ಲಿ ಪಾರಾದೆವು ಎಂದುಕೊಂಡೆ. ಮರದ ಕೆಳಗೆ ದೊಡ್ಡ ಕಲ್ಲುಗಳಿದ್ದವು, ತಲೆಗೆ ಬಡಿದಿದ್ದರೆ ಏನು ಗತಿ ಎಂದು ನೆನೆದು ನೆನೆದು ಎಷ್ಟೋ ದಿನ ನನಗೆ ಅನ್ನ ಇಳಿಯಲಿಲ್ಲ.

ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಮಳೆ ಹಿಡಿದಿತ್ತು. ಹುಡುಗಿಯ ಕೈ ಸಣಕಲಾಗಿತ್ತು. ಪೂರ್ತಿ ಮಡಚಲೂ ಆಗದು, ಪೂರ್ತಿ ಚಾಚಲೂ ಆಗದು. ಅವಳೇ ತಾನಾಗಿ ಆಡಿಸುತ್ತ ಇರಲಿ, ನಿಧಾನಕ್ಕೆ ಬಿಡುತ್ತದೆ ಎಂದರು ಡಾಕ್ಟರು. ನಮ್ಮ ಹಿಂದೆ ರೋಗಿಗಳ ದೊಡ್ಡ ಸಾಲಿತ್ತು, ನಾವು ಎದ್ದು ಬಂದೆವು.

"ತಾನ ಬಿಡತೈತಂತ" ಎಂದು ಅತ್ತೆ ಬಸ್ಸಿನಲ್ಲೇ ಮೂಗು ಮುರಿದರು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತ್ತು. ನಮ್ಮ ಕಡೆ ಪ್ಲಾಸ್ಟರ್ ಬಿಚ್ಚಿದ ಕೈಯನ್ನು ಎಣ್ಣೆ ತಿಕ್ಕದೆ ಹಾಗೇ ಬಿಡುವವರು ಯಾರಿದ್ದಾರೆ? ಬಿಟ್ಟರೆ ಜನ ಏನೆಂದಾರು? ಅದೂ ಮನೆಯಲ್ಲಿ ನೀಲವ್ವನಂಥ ಕೈ ಇಟ್ಟುಕೊಂಡು!

ಮರುದಿನದಿಂದಲೇ ಶುರುವಾಯಿತು. ಔಡಲೆಣ್ಣೆಗೆ ಬೆಳ್ಳುಳ್ಳಿ, ಅಜವಾನ ಹಾಕಿ ಕಾಯಿಸುವುದು. ಹುಡುಗಿಯನ್ನು ತೊಡೆಯ ಹತ್ತಿರ ಕೂರಿಸಿಕೊಂಡು ಮೊಣಕೈ ಮುಂದಿನ ಮಾಂಸವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕುವುದು. ಆಮೇಲೆ ಮಡಚುವುದು, ಎಳೆಯುವುದು. ಹುಡುಗಿ ಚೀರುತ್ತಿದ್ದಳು. ಅತ್ತೆಯ ಕಣ್ಣಲ್ಲೂ ನೀರು ಇರುತ್ತಿತ್ತು, ಆದರೆ ಕೈ ನಿಲ್ಲುತ್ತಿರಲಿಲ್ಲ. ಈಗ ಅತ್ತರೆ ಮುಂದೆ ನಗುತ್ತಾಳೆ ಎನ್ನುತ್ತಿದ್ದರು. ಸಾಲಿನ ಹೆಂಗಸರು ಬಂದು ನೋಡಿ, ಇಂಥ ಅಜ್ಜಿ ಸಿಗಬೇಕೆಂದರೆ ಪುಣ್ಯ ಮಾಡಿರಬೇಕು ಎಂದು ಹೋಗುತ್ತಿದ್ದರು.

ಕೆಲವು ದಿನಗಳಾದ ಮೇಲೆ ಮೊಣಕೈಯ ಮುಂದೆ ಒಂದು ಗಂಟು ಕೈಗೆ ಹತ್ತಿತು. ಮುಟ್ಟಿದರೆ ಬಿಸಿ. ಹೆಪ್ಪುಗಟ್ಟಿದ ರಕ್ತ, ಒಡೆದು ಕರಗಿಸಬೇಕು ಎಂದರು ಅತ್ತೆ. ಎರಡು ಹೊತ್ತಿನ ಎಣ್ಣೆ ಮೂರು ಹೊತ್ತಾಯಿತು. ಪಕ್ಕದ ಖೋಲಿಯ, ಗೋಡೆ ಕಟ್ಟುವ ಗೌಂಡಿ, ಬಕೀಟಿನಲ್ಲಿ ಉಸುಕು ತುಂಬಿ ಆ ಕೈಯಿಂದ ಹಿಡಿಸಿ ನಿಲ್ಲಿಸಿರಿ, ಭಾರಕ್ಕೆ ತಾನೇ ನೆಟ್ಟಗಾಗುತ್ತದೆ ಎಂದ. ಅದನ್ನೂ ಮಾಡಿದೆವು. ನಾವು ಎಷ್ಟು ಒದ್ದಾಡಿದೆವೋ ಗಂಟು ಅಷ್ಟು ಗಟ್ಟಿಯಾಯಿತು. ಜುಲೈ ಬರುವಷ್ಟರಲ್ಲಿ ಕೈ ಕಟ್ಟಿಗೆಯಾಗಿತ್ತು. ಮೊಣಕೈ ಅರ್ಧ ಮಡಚಿದಲ್ಲೇ ನಿಂತುಬಿಟ್ಟಿತು. ಹುಡುಗಿ ಎಷ್ಟು ಪ್ರಯತ್ನಪಟ್ಟರೂ ಬಲಗೈ ಬಾಯಿಗೆ ಮುಟ್ಟುತ್ತಿರಲಿಲ್ಲ. ಕತ್ತು ಮುಂದೆ ಚಾಚಿ, ಭುಜ ಎತ್ತಿ, ತುತ್ತಿನ ಹಿಂದೆ ಬಾಯಿ ಒಯ್ಯುತ್ತಿದ್ದಳು. ತುತ್ತು ಮಡಿಲಿಗೆ ಬೀಳುತ್ತಿತ್ತು. ಅದನ್ನು ನೋಡಲಾಗದೆ ನಾನು ಒಲೆಯ ಕಡೆ ಮುಖ ಮಾಡಿ ಕೂರುತ್ತಿದ್ದೆ.

ಸಾಲಿನಲ್ಲಿ ಒಬ್ಬಳು ನನ್ನ ಕಿವಿಯಲ್ಲಿ, ಅವರ ಊರಲ್ಲೊಬ್ಬನಿಗೆ ಹೀಗೇ ಗಂಟು ಬಂದು ಕೊನೆಗೆ ತೋಳನ್ನೇ ತೆಗೆದರು, ಅದು ಕೆಟ್ಟ ಗಡ್ಡೆ ಇರಬಹುದು ಎಂದು ಉಸುರಿದಳು. ಆವತ್ತೇ ನಮ್ಮವರಿಗೆ, ನಾಳೆ ನೀವು ರಜೆ ಹಾಕದಿದ್ದರೆ ನಾನೊಬ್ಬಳೇ ಹುಡುಗಿಯನ್ನು ಎತ್ತಿಕೊಂಡು ಪಣಜಿ ಕಡೆಯ ದೊಡ್ಡ ಆಸ್ಪತ್ರೆಗೆ ಹೋಗುತ್ತೇನೆ ಎಂದೆ. ಅವರು ರಜೆ ಹಾಕಿದರು.

ನಾಲ್ವರೂ ಹೋದೆವು. ಎಕ್ಸ್‌ರೇ ತೆಗೆದರು. ಒಬ್ಬ ಸಣ್ಣ ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದು ನೋಡಿ, ಒಳಗೆ ಒಯ್ದ. ಸ್ವಲ್ಪ ಹೊತ್ತಿಗೆ ದೊಡ್ಡ ಡಾಕ್ಟರು ಬಂದರು, ತಲೆ ಪೂರ್ತಿ ಬೆಳ್ಳಗಾಗಿದ್ದ ಗೋವಾದವರು. ಅವರೂ ಬಹಳ ಹೊತ್ತು ನೋಡಿದರು. ಆಮೇಲೆ ಕಲಿಯುವ ಹುಡುಗ ಹುಡುಗಿಯರನ್ನೆಲ್ಲ ಕರೆದು ತೋರಿಸತೊಡಗಿದರು. ಇಷ್ಟು ಜನ ನೋಡಬೇಕಾದರೆ ದೊಡ್ಡದೇ ಏನೋ ಇದೆ, ಕೈ ತೆಗೆಯುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಬೆಂಚಿನ ಅಂಚು ಹಿಡಿದುಕೊಂಡು ಕೂತೆ. ಯಲ್ಲಮ್ಮನಿಗೆ ಏನೇನು ಹರಕೆ ಹೊತ್ತೆನೋ ಈಗ ನೆನಪಿಲ್ಲ.

ಡಾಕ್ಟರು ನಮ್ಮ ಕಡೆ ತಿರುಗಿ ಹಿಂದಿಯಲ್ಲಿ, ಮಾಲಿಶ್ ಮಾಡುವವರು ಯಾರು ಎಂದು ಕೇಳಿದರು.

ಅತ್ತೆಗೆ ಹಿಂದಿ ಬರುತ್ತಿರಲಿಲ್ಲ. ಆದರೆ ಮಾಲಿಶ್ ಎಂಬ ಮಾತು ತಿಳಿಯಿತು. ಇಷ್ಟು ದೊಡ್ಡ ಡಾಕ್ಟರ್ ತನ್ನ ಕೈಗುಣವನ್ನು ಗುರುತು ಹಿಡಿದರು ಎಂದೇ ಅವರು ತಿಳಿದರು. ಸೆರಗು ಸರಿಪಡಿಸಿಕೊಂಡು, ಎರಡೂ ಕೈ ಮುಂದೆ ಚಾಚಿ, "ನಾನರಿ. ದಿನಾ ಮೂರು ಹೊತ್ತ ತಿಕ್ಕತೇನ್ರಿ. ಒಂದ ದಿನಾನೂ ಬಿಟ್ಟಿಲ್ಲ" ಎಂದರು.

ಅಲ್ಲಿ ಅಂಕೋಲಾ ಕಡೆಯ ಒಬ್ಬ ನರ್ಸ್ ಇದ್ದಳು. ಅವಳು ಆ ಮಾತನ್ನು ಡಾಕ್ಟರಿಗೆ ಹಿಂದಿಯಲ್ಲಿ ಹೇಳಿ, ಡಾಕ್ಟರ ಮಾತನ್ನು ನಮಗೆ ಕನ್ನಡದಲ್ಲಿ ಹೇಳತೊಡಗಿದಳು. ಡಾಕ್ಟರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತೇನೋ. ಕುರ್ಚಿ ಎಳೆದುಕೊಂಡು ಅತ್ತೆಯ ಎದುರಿಗೇ ಕೂತು, ಮಕ್ಕಳಿಗೆ ಪಾಠ ಹೇಳಿದಂತೆ ಹೇಳಿದರು.

ಎಲುಬು ಮುರಿದಲ್ಲಿ ರಕ್ತ ಹೆಪ್ಪುಗಟ್ಟುತ್ತದಂತೆ. ಆ ರಕ್ತದಲ್ಲಿ, ಮುರಿದ ಎಲುಬಿನಲ್ಲಿ, ಬೆಳೆಸುವ ಕೆಲವು ಅಂಶಗಳಿರುತ್ತವೆ. ಅವಕ್ಕೆ ಗ್ರೋತ್ ಫ್ಯಾಕ್ಟರ್ ಎನ್ನುತ್ತಾರೆ. ಅವು ಸುತ್ತಲಿನ ಜೀವಕೋಶಗಳನ್ನು ಕರೆಯುತ್ತವೆ. ಬನ್ನಿ, ಇಲ್ಲಿ ಎಲುಬು ಕಟ್ಟಬೇಕಾಗಿದೆ ಎಂದು ಹೇಳಿದ ಹಾಗೆ. ಕರೆ ಕೇಳಿದ ಕೋಶಗಳು ಬಂದು ಮೊದಲು ಮೆತ್ತಗೆ ಕಟ್ಟುತ್ತವೆ, ಆಮೇಲೆ ಅದು ಗಟ್ಟಿಯಾಗುತ್ತದೆ. ಕೆಲಸ ಮುಗಿದ ಮೇಲೆ ಕರೆಯೂ ನಿಲ್ಲುತ್ತದೆ. ಮುರಿದ ಎಲುಬು ಕೂಡುವುದೇ ಹೀಗೆ, ಡಾಕ್ಟರು ಕೂಡಿಸುವುದಿಲ್ಲ, ನೆಟ್ಟಗೆ ಹಿಡಿದು ಕೊಡುತ್ತಾರೆ ಅಷ್ಟೆ. ಪರದೇಶದಲ್ಲಿ ಯಾರೋ ವಿಜ್ಞಾನಿಗಳು ಎಲುಬಿನೊಳಗಿನ ಆ ಅಂಶವನ್ನು ಇಲಿಯ ಮಾಂಸದಲ್ಲಿ ಇಟ್ಟು ನೋಡಿದರಂತೆ. ಬರೀ ಮಾಂಸವಿದ್ದ ಕಡೆ ಎಲುಬು ಬೆಳೆಯಿತಂತೆ. ಅದನ್ನು ಹೇಳುವಾಗ ಡಾಕ್ಟರ ಮುಖದಲ್ಲಿ ಒಂದು ಖುಷಿ ಇತ್ತು. ನಾನು ಮಾತ್ರ ಹುಡುಗಿಯ ಮೊಣಕೈ ನೋಡಿದೆ.

ಮುಂದಿನ ಮಾತನ್ನು ನರ್ಸ್ ತಡೆದು ತಡೆದು ಹೇಳಿದಳು. ಹುಡುಗಿ ಬಿದ್ದಾಗ ಮೊಣಕೈ ಮುಂದಿನ ಮಾಂಸವೂ ಹರಿದು ರಕ್ತ ನಿಂತಿತ್ತು. ಸುಮ್ಮನೆ ಬಿಟ್ಟಿದ್ದರೆ ಅದು ಇಂಗಿಹೋಗುತ್ತಿತ್ತು. ದಿನಾ ತಿಕ್ಕಿದ್ದರಿಂದ, ಎಳೆದಿದ್ದರಿಂದ, ಒಳಗೆ ಮತ್ತೆ ಮತ್ತೆ ಗಾಯವಾಯಿತು. ಪ್ರತಿ ಸಲವೂ ಶರೀರ ಅಲ್ಲಿ ಎಲುಬು ಮುರಿದಿದೆ ಎಂದೇ ತಿಳಿದು ಕರೆಯಿತು. ಈಗ ಮಾಂಸದೊಳಗೆ ಎಲುಬು ಬೆಳೆದು ಕೀಲಿಗೆ ಅಡ್ಡ ನಿಂತಿದೆ. ಇದು ಕೆಟ್ಟ ಗಡ್ಡೆಯಲ್ಲ, ಆದರೆ ಎಷ್ಟು ಕರಗುತ್ತದೋ, ಎಷ್ಟು ಉಳಿಯುತ್ತದೋ ಹೇಳಲಾಗದು.

ಅತ್ತೆಯ ಕೈ ಇನ್ನೂ ಮುಂದೆ ಚಾಚಿದ್ದು ಹಾಗೇ ಇತ್ತು. "ಅಂದ್ರ, ಅದನ್ನ ಕರದದ್ದು ನನ್ನ ಕೈ ಏನ್ರಿ?" ಎಂದು ಕೇಳಿದರು. ನರ್ಸ್ ತಲೆ ತಗ್ಗಿಸಿದಳು. ಆ ಪ್ರಶ್ನೆಯನ್ನು ಅವಳು ಡಾಕ್ಟರಿಗೆ ದಾಟಿಸಲಿಲ್ಲ. ಅತ್ತೆ ನಿಧಾನವಾಗಿ ಎರಡೂ ಕೈಗಳನ್ನು ಸೆರಗಿನೊಳಗೆ ತೆಗೆದುಕೊಂಡರು.

ಕರಗಿಸುವ ಗುಳಿಗೆ ಕೊಡಿರಿ, ಇಲ್ಲವೇ ಕೊಯ್ದು ತೆಗೆಯಿರಿ ಎಂದು ನಮ್ಮವರು ಕೈ ಮುಗಿದರು. ಈಗ ಕೊಯ್ದರೆ ಅದೂ ಒಂದು ಗಾಯವೇ, ಮತ್ತೆ ಕರೆ ಏಳುತ್ತದೆ, ಇನ್ನಷ್ಟು ಬೆಳೆಯುತ್ತದೆ ಎಂದರು ಡಾಕ್ಟರು. ಅದು ತಾನಾಗಿ ತಣ್ಣಗಾಗಿ ಹಣ್ಣಾಗಬೇಕು. ಅದಕ್ಕೆ ತಿಂಗಳುಗಟ್ಟಲೆ ಬೇಕು, ವರ್ಷವೂ ಆದೀತು. ಅಲ್ಲಿಯವರೆಗೆ ಎಣ್ಣೆ ಇಲ್ಲ, ಶಾಖ ಇಲ್ಲ, ಭಾರ ಇಲ್ಲ, ಎಳೆಯುವುದಿಲ್ಲ. ಹುಡುಗಿ ನೋವಾಗದಷ್ಟು ತಾನೇ ಆಡಿಸಬಹುದು. ಅಂಗಿಯ ಯಾವ ಗುಂಡಿಯವರೆಗೆ ಅವಳ ಕೈ ಹೋಗುತ್ತದೆ ಎಂದು ದೂರದಿಂದ ನೋಡುತ್ತಿರಿ. ಬೇರೆ ಯಾರೂ ಆ ಮೊಣಕೈಯನ್ನು ಮುಟ್ಟಬೇಡಿ. ಇದೇ ಔಷಧ ಎಂದರು.

ಹೊರಗೆ ಬಂದಾಗ ನನಗೆ ಸಮಾಧಾನವಾಗಬೇಕಿತ್ತು. ಕೈ ತೆಗೆಯುವುದಿಲ್ಲ ಎಂದಿದ್ದರಲ್ಲ. ಆದರೆ ಏನೂ ಮಾಡಬೇಡಿ ಎಂದರೆ ತಾಯಿಯಾದವಳು ಏನು ಮಾಡಬೇಕು? ಮದ್ದು ಕೊಟ್ಟಿದ್ದರೆ ಹೊತ್ತಿಗೆ ಸರಿಯಾಗಿ ಕುಡಿಸುತ್ತಿದ್ದೆ. ಪಥ್ಯ ಹೇಳಿದ್ದರೆ ನಾನೂ ಕೂಡಿ ಮಾಡುತ್ತಿದ್ದೆ. ಸುಮ್ಮನೆ ನೋಡುತ್ತಾ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಅತ್ತೆ ಮನೆಗೆ ಬಂದವರೇ ಎಣ್ಣೆಯ ಬಟ್ಟಲನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಗೋಡೆಯ ಮಾಡದಲ್ಲಿ ಬೋರಲು ಹಾಕಿದರು.

ಆಮೇಲೆ ತಿಂಗಳುಗಟ್ಟಲೆ ನೋಡುವುದೇ ಕೆಲಸವಾಯಿತು. ಬೆಳಿಗ್ಗೆ ಎದ್ದ ಕೂಡಲೇ ನನ್ನ ಕಣ್ಣು ಹುಡುಗಿಯ ಅಂಗಿಯ ಗುಂಡಿಗಳ ಮೇಲೆ. ಹೊಟ್ಟೆಯ ಮೇಲಿನ ಗುಂಡಿಯವರೆಗೆ ಕೈ ಹೋಗುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. ನಿನ್ನೆಗಿಂತ ಒಂದು ಕೂದಲೆಳೆ ಮೇಲೆ ಹೋಯಿತೇನೋ ಎಂದು ಅನಿಸಿ ಸಂತೋಷಪಟ್ಟರೆ, ಸಂಜೆಗೆ ಹೋಗಿರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಿನ ಅಂಜಿಕೆ ನನಗೆ ಅತ್ತೆಯದು. ನಾನು ಕೆಲಸಕ್ಕೆ ಹೋದರೆ ಮನೆಯಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ. ಇಷ್ಟು ವರ್ಷದ ಕೈ ಸುಮ್ಮನಿದ್ದೀತೇ? ಬೀಜ ಒಡೆಯುತ್ತ ಕೂತಾಗಲೂ ಮನಸ್ಸೆಲ್ಲ ಮನೆಯಲ್ಲಿ. ಎಷ್ಟೋ ಸಲ ಬೆರಳಿಗೇ ಹೊಡೆದುಕೊಂಡಿದ್ದೇನೆ.

ಒಂದು ಸಂಜೆ ಬಾಗಿಲಲ್ಲಿ ಕಾಲಿಟ್ಟಾಗ ಬೆಳ್ಳುಳ್ಳಿ ಎಣ್ಣೆಯ ವಾಸನೆ ಬಡಿಯಿತು. ಮಾಡದಲ್ಲಿ ಬಟ್ಟಲು ಇರಲಿಲ್ಲ. ನನ್ನ ರಕ್ತ ಕುದಿಯಿತು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿ, ಇಷ್ಟು ಮಾಡಿದ್ದು ಸಾಲದೇ, ಹುಡುಗಿಯ ಕೈ ಪೂರ್ತಿ ಹೋಗಬೇಕೇ ಎಂದು ಬಾಯಿಗೆ ಬಂದಂತೆ ಅಂದುಬಿಟ್ಟೆ. ಅತ್ತೆ ತಲೆ ಎತ್ತಲಿಲ್ಲ. ಆಮೇಲೆ ನೋಡಿದೆ. ಅವರು ತಿಕ್ಕುತ್ತಿದ್ದದ್ದು ಹುಡುಗಿಯ ಎಡಗೈಯನ್ನು.

"ಇದನ್ನ ಮುಟ್ಟಬ್ಯಾಡ ಅಂದಿಲ್ಲಲ್ಲವಾ" ಎಂದರು ಸಣ್ಣ ದನಿಯಲ್ಲಿ. "ದುಡಿಯೂದೆಲ್ಲಾ ಈಗ ಇದ ಕೈ. ನೊಂದಿರತೈತಿ ಪಾಪ."

ನಾನು ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದೆ.

ಅಷ್ಟರಲ್ಲಿ ಇನ್ನೊಂದು ಕಷ್ಟ ಶುರುವಾಗಿತ್ತು. ಶಾಲೆಯಲ್ಲಿ ಮಕ್ಕಳು, ರೇಣುಕಾ ಎಡಗೈಯಲ್ಲಿ ಉಣ್ಣುತ್ತಾಳೆ ಎಂದು ಹೇಸಿ, ಅವಳ ಹತ್ತಿರ ಕೂರುವುದನ್ನು ಬಿಟ್ಟಿದ್ದರು. ಇವಳು ಡಬ್ಬಿ ತೆಗೆಯದೆ ಹಾಗೇ ತರತೊಡಗಿದಳು. ಮನೆಯಲ್ಲೂ ಅದೇ. ಚಿಕ್ಕಂದಿನಿಂದ ಏಟು ತಿಂದು ಕಲಿತದ್ದಲ್ಲವೇ, ಎಡಗೈಯನ್ನು ತಟ್ಟೆಗೆ ಒಯ್ದು ಅಜ್ಜಿಯ ಮುಖ ನೋಡಿ ಹಿಂದೆ ತೆಗೆಯುತ್ತಿದ್ದಳು. ಅತ್ತೆ ತುತ್ತು ಮಾಡಿ ತಿನ್ನಿಸಿದರೆ ನಾನೇನು ಕೂಸೇ ಎಂದು ಹಟ. ದಿನದಿಂದ ದಿನಕ್ಕೆ ಹುಡುಗಿ ಬಡಕಲಾದಳು. ಕೈ ಹೋದರೆ ಹೋಗಲಿ, ಹುಡುಗಿ ಉಳಿದರೆ ಸಾಕು ಎನ್ನುವಲ್ಲಿಗೆ ನಾನು ಬಂದಿದ್ದೆ.

ಒಂದು ದಿನ ಸಂಜೆ ಊಟಕ್ಕೆ ಕೂತಾಗ ರೇಣುಕಾ ಎಂದಿನಂತೆ ತಟ್ಟೆ ಸರಿಸಿದಳು. ಅತ್ತೆ ಅವಳ ಪಕ್ಕಕ್ಕೆ ಬಂದು ಕೂತರು. ತಮ್ಮ ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು. ಎಡಗೈಯಿಂದ ರೊಟ್ಟಿ ಮುರಿದು, ಪಲ್ಯಕ್ಕೆ ಅದ್ದಿ, ಬಾಯಿಗಿಟ್ಟುಕೊಂಡರು. ಅಭ್ಯಾಸವಿಲ್ಲದ ಕೈ, ಅರ್ಧ ಪಲ್ಯ ಗದ್ದದ ಮೇಲೆ ಹರಿಯಿತು. ನಮ್ಮವರು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಕೂತರು. ಅವರ ತಾಯಿ ಎಡಗೈ ಬಾಯಿಗೆ ಒಯ್ದದ್ದನ್ನು ಅವರು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಅಜ್ಜಿ, ನೀ ಯಾಕ ಎಡಗೈಲೆ ಉಣ್ಣಾಕತ್ತಿ?" ಎಂದಳು ಹುಡುಗಿ.

"ನಿನ್ನ ಬಲಗೈ ಬಾಯಿಗೆ ಬರೂತನಕಾ ನಂದೂ ಹಿಂಗ" ಎಂದರು ಅತ್ತೆ. "ಉಣ್ಣು ಈಗ. ಇಬ್ಬರೂ ಕೂಡಿ ಕಲಿಯೂಣು."

ಹುಡುಗಿ ಉಂಡಳು. ಅಂದಿನಿಂದ ಅತ್ತೆ ಮನೆಯಲ್ಲಿ ಮಾತ್ರವಲ್ಲ, ಯಾರ ಮನೆಗೆ ಹೋದರೂ ಎಡಗೈಯಲ್ಲೇ ಉಂಡರು. ಸಾಲಿನ ಹೆಂಗಸರು ಮುದುಕಿಗೆ ತಲೆ ಕೆಟ್ಟಿದೆ ಎಂದು ಆಡಿಕೊಂಡರು. ಅತ್ತೆ ಕೇಳಿಯೂ ಕೇಳದಂತೆ ಇರುತ್ತಿದ್ದರು.

ಚೌತಿ ಮುಗಿದ ಮೇಲೆ ವಾಸ್ಕೋದಿಂದ ನನ್ನ ಮೈದುನ ಬಸವರಾಜ ಬಂದ. ಅವನು ಅಲ್ಲಿ ಲಾರಿ ಓಡಿಸುತ್ತಿದ್ದ. ನಮ್ಮೂರ ಹತ್ತಿರ ಒಬ್ಬ ಎಲುಬು ಕಟ್ಟುವವನಿದ್ದಾನೆ, ಇಂಥ ಗಂಟನ್ನು ಒಂದೇ ಸಲ ತಿರುವಿ ಮುರಿದು ಕೈ ಬಿಡಿಸುತ್ತಾನೆ, ಹುಡುಗಿಯನ್ನು ರೈಲಿನಲ್ಲಿ ಕರೆದುಕೊಂಡು ಹೋಗಿ ಬರುತ್ತೇನೆ ಎಂದ. ಇಷ್ಟು ತಿಂಗಳು ಸುಮ್ಮನೆ ಕೂತು ಏನು ಬಂತು ಎಂದು ಕೇಳಿದ. ಗುಂಡಿ ಇನ್ನೂ ಅದೇ ಗುಂಡಿ. ನಮ್ಮವರು ಒಪ್ಪಿಬಿಟ್ಟರು. ನಾನು ಬೇಡ ಎಂದು ಅಳುತ್ತ ಜಗಳಾಡಿದೆ. ಹೆಣ್ಣು ಹುಡುಗಿ, ನಾಳೆ ಈ ಕೈಯನ್ನು ನೋಡಿ ಯಾರು ಮಾಡಿಕೊಳ್ಳುತ್ತಾರೆ ಎಂದು ನಮ್ಮವರು ಕೇಳಿದಾಗ ನಾನೂ ಸೋತೆ. ಅತ್ತೆ ಹೇಗೂ ಮಗನ ಕಡೆಗೇ ಹೋಗುತ್ತಾರೆ, ಎಲುಬು ಕಟ್ಟುವವನೂ ಅವರದೇ ವಿದ್ಯೆಯವನಲ್ಲವೇ ಎಂದು ನಾನು ಆಸೆಯನ್ನೇ ಬಿಟ್ಟೆ.

ಬೆಳಿಗ್ಗೆ ಬಸವರಾಜ ಹುಡುಗಿಯ ಬಟ್ಟೆಯ ಚೀಲ ಎತ್ತಿಕೊಂಡ. ಹುಡುಗಿ ಅಳುತ್ತಿದ್ದಳು. ಅತ್ತೆ ಎದ್ದು ಹೋಗಿ ಹೊಸ್ತಿಲ ಮೇಲೆ ಕೂತರು. ದಾಟಿ ಹೋಗಲು ಜಾಗವಿರಲಿಲ್ಲ.

"ಏಳವ್ವಾ, ರೈಲು ತಪ್ಪತೈತಿ" ಎಂದ ಬಸವರಾಜ.

"ತಪ್ಪಲಿ" ಎಂದರು ಅತ್ತೆ. "ಅವನ ಕೈಗುಣ ದೊಡ್ಡದೋ ನನ್ನ ಕೈಗುಣ ದೊಡ್ಡದೋ ನಿನಗ ಗೊತ್ತೈತಿ. ನಿಮ್ಮಿಬ್ಬರನ್ನೂ ಇದ ಕೈಲೆ ತಿಕ್ಕಿ ಬೆಳಸೇನಿ. ಅಂಥಾ ಕೈ ಮುಟ್ಟಿದ್ದಕ್ಕ ಮಾಂಸದಾಗ ಎಲುಬು ಬೆಳೀತು. ಅವ ತಿರುವಿದ್ರ ಬೆಳಿಯಂಗಿಲ್ಲೇನು? ಮುಟ್ಟಬ್ಯಾಡ ಅಂದಾರ. ಯಾರೂ ಮುಟ್ಟಂಗಿಲ್ಲ. ಒಯ್ಯೂದಿದ್ರ ನನ್ನ ತುಳದು ಒಯ್ಯಿರಿ."

ಇಬ್ಬರು ಗಂಡುಮಕ್ಕಳೂ ಮುಖ ಮುಖ ನೋಡಿಕೊಂಡು ನಿಂತರು. ಕೊನೆಗೆ ಬಸವರಾಜ ಚೀಲ ಕೆಳಗಿಟ್ಟು ಒಬ್ಬನೇ ಹೋದ. ನಾನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಎಷ್ಟೋ ತಿಂಗಳ ಅಳು ಅದು.

ದೀಪಾವಳಿ ಆದ ಮೇಲೆ ಒಂದು ದಿನ ಕೈ ಇನ್ನೊಂದು ಗುಂಡಿ ಮೇಲಕ್ಕೆ ಹೋಯಿತು. ನನ್ನ ಕಣ್ಣನ್ನೇ ನಂಬದೆ ನಮ್ಮವರನ್ನು ಕರೆದು ತೋರಿಸಿದೆ. ಗಂಟಿನ ಬಿಸಿಯೂ ಇಳಿದಿತ್ತು ಎಂದು ಹುಡುಗಿಯೇ ಮುಟ್ಟಿ ಹೇಳಿದಳು. ಹೊಸ ವರ್ಷದಲ್ಲಿ ಮತ್ತೆ ಎಕ್ಸ್‌ರೇ ತೆಗೆದಾಗ ಡಾಕ್ಟರ ಮುಖ ಅರಳಿತು. ಬೆಳೆದ ಎಲುಬು ತಣ್ಣಗಾಗಿ ಕುಗ್ಗುತ್ತಿದೆ, ಹೀಗೇ ಆದರೆ ಕೊಯ್ಯುವ ಪ್ರಸಂಗವೇ ಬರಲಿಕ್ಕಿಲ್ಲ ಎಂದರು. ಅತ್ತೆಯನ್ನು ಗುರುತಿಟ್ಟುಕೊಂಡಿದ್ದರು. ಎಲುಬು ಕರೆಯುವ ಆ ಅಂಶವನ್ನು ಈಗ ಪ್ರಯೋಗಾಲಯದಲ್ಲೇ ತಯಾರು ಮಾಡಲು ಹೊರಟಿದ್ದಾರೆ, ಮುಂದೆ ಎಂದಾದರೂ ಕೂಡದ ಎಲುಬುಗಳಿಗೆ ಅದನ್ನೇ ಹಚ್ಚಿ ಕೂಡಿಸಬಹುದು ಎಂದು ನರ್ಸಿನ ಮೂಲಕ ಅವರಿಗೆ ಹೇಳಿಸಿದರು.

ಅತ್ತೆ ನರ್ಸಿಗೆ, "ಹುಷಾರಿರಾಕ ಹೇಳ್ರಿ ಅವರಿಗೆ" ಎಂದರು. "ಕರದ್ರ ಲಗೂ ಬರತೈತಿ. ಹೋಗಂದ್ರ ಹೋಗಂಗಿಲ್ಲ."

ನರ್ಸ್ ಹಿಂದಿಯಲ್ಲಿ ಹೇಳಿದ ಮೇಲೆ ಡಾಕ್ಟರು ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ, ಮುದುಕಿ ಸರಿಯಾಗೇ ಹೇಳಿದಳು ಎಂದು ತಲೆಯಾಡಿಸಿದರು.

ಕೊರಳ ಗುಂಡಿಯವರೆಗೆ ಬಂದ ಕೈ ಅಲ್ಲಿ ಮತ್ತೆ ನಿಂತಿತು. ಗದ್ದಕ್ಕೂ ಕೈಗೂ ನಡುವೆ ಇನ್ನು ಸ್ವಲ್ಪವೇ ಜಾಗ. ಆ ಸ್ವಲ್ಪಕ್ಕೇ ವಾರಗಳು ಹೋದವು. ಇಷ್ಟೇ ಇರಬೇಕು, ಇನ್ನು ಮುಂದೆ ಹೋಗುವುದಿಲ್ಲ, ಜೀವಮಾನವಿಡೀ ಎಡಗೈಯೇ ಎಂದು ನಾನು ಒಳಗೊಳಗೇ ಸಿದ್ಧಳಾಗತೊಡಗಿದೆ. ಗೇರುಹಣ್ಣಿನ ಕಾಲ ಮತ್ತೆ ಬಂತು.

ಅದೊಂದು ರವಿವಾರ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮಾಡಿದ್ದೆ. ನಾವು ನಾಲ್ವರೂ ಊಟಕ್ಕೆ ಕೂತಿದ್ದೆವು. ಹೊರಗೆ ಸಾಲಿನ ಮಕ್ಕಳು ಗುಡ್ಡಕ್ಕೆ ಹೋಗಲು ರೇಣುಕಾಳನ್ನು ಕೂಗುತ್ತಿದ್ದವು. ಮರ ಹತ್ತಿದರೆ ಕಾಲು ಮುರಿಯುತ್ತೇನೆ ಎಂದು ನಾನು ಬೈಯುತ್ತಿದ್ದೆ. ಹೂಂ ಹೂಂ ಎನ್ನುತ್ತ ಅವಳು ಗಬಗಬನೆ ತಿನ್ನುತ್ತಿದ್ದಳು. ಹಿಂಡಿಯ ಖಾರ ನೆತ್ತಿಗೇರಿ, ಎಡಗೈಯಲ್ಲಿ ನೀರಿನ ಲೋಟ ಎತ್ತಿ ಕುಡಿದಳು. ಕುಡಿದು, ಲೋಟವನ್ನು ಕೈಯಲ್ಲೇ ಹಿಡಿದುಕೊಂಡು, ಬಾಗಿಲ ಕಡೆ ನೋಡುತ್ತ, ಬಲಗೈಯಿಂದ ಉಳಿದ ರೊಟ್ಟಿಯ ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.

ಅವಳಿಗೆ ಅದು ಗೊತ್ತೇ ಆಗಲಿಲ್ಲ. ಅಗಿಯುತ್ತಿದ್ದಳು.

ನನ್ನ ಬೈಗುಳ ಅರ್ಧಕ್ಕೇ ನಿಂತಿತು. ಕೂಗಿದರೆ ಎಲ್ಲಿ ಬೆಚ್ಚಿ ಕೈ ಮತ್ತೆ ಬಿಗಿಯುತ್ತದೋ ಎಂದು ಹೆದರಿಕೆ. ನಮ್ಮವರ ಕಡೆ ನೋಡಿದೆ, ಅವರೂ ನೋಡಿದ್ದರು. ಅತ್ತೆಯ ಎಡಗೈಯಲ್ಲಿ ಒಂದು ತುತ್ತು ಇತ್ತು. ಅವರು ಅದನ್ನು ತಟ್ಟೆಯಲ್ಲಿ ಇಟ್ಟರು. ಸೆರಗಿನೊಳಗಿಂದ ಬಲಗೈ ಹೊರಗೆ ತೆಗೆದರು. ಅದೇ ತುತ್ತನ್ನು ಬಲಗೈಯಿಂದ ಎತ್ತಿ ಬಾಯಿಗಿಟ್ಟುಕೊಂಡರು.

"ಅಜ್ಜಿ, ಕೈ ಯಾಕ ಬದಲಿ ಮಾಡ್ದಿ?" ಎಂದಳು ರೇಣುಕಾ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು.

"ಎಡಗೈ ದಣದೈತವಾ" ಎಂದರು ಅತ್ತೆ. "ಹೋಗು, ಆಡಾಕ ಹೋಗು."

ಈಗ ರೇಣುಕಾ ಕಾಲೇಜಿಗೆ ಹೋಗುತ್ತಾಳೆ. ಬಲಗೈ ಪೂರ್ತಿ ನೆಟ್ಟಗಾಗುವುದಿಲ್ಲ, ಚೂರು ಬಾಗಿಯೇ ಇರುತ್ತದೆ, ಆದರೆ ಉಣ್ಣಲು, ಬರೆಯಲು, ನನಗೆ ಎದುರು ಮಾತಾಡುತ್ತ ಬೆರಳು ತೋರಿಸಲು ಏನೂ ಅಡ್ಡಿಯಿಲ್ಲ. ಅತ್ತೆಗೆ ವಯಸ್ಸಾಗಿದೆ. ಈಗಲೂ ಕೂಸುಗಳಿಗೆ ಎಣ್ಣೆ ಹಚ್ಚುತ್ತಾರೆ. ಆದರೆ ಬಿದ್ದು ಏಟು ಮಾಡಿಕೊಂಡ ಮಗುವನ್ನು ಯಾರಾದರೂ ಕರೆತಂದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೊದಲು ಎಲುಬಿನ ಫೋಟೋ ತೆಗೆಸಿಕೊಂಡು ಬರ್ರಿ ಎಂದು ಕಳಿಸುತ್ತಾರೆ.

ನನಗೆ ಮಾತ್ರ ಆ ವರ್ಷದ ಅಂಜಿಕೆ ಪೂರ್ತಿ ಹೋಗಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ ಎದುರಿಗೆ ಯಾವುದಾದರೂ ಮಗು ಕೂತಿದ್ದರೆ ನನ್ನ ಕಣ್ಣು ಅದರ ಎಲೆಯ ಮೇಲೆ ಹೋಗುವುದಿಲ್ಲ, ಮೊಣಕೈಯ ಮೇಲೆ ಹೋಗುತ್ತದೆ. ಅದರ ಕೈ ಮಡಚಿ, ತುತ್ತು ಬಾಯಿ ಮುಟ್ಟಿದ್ದನ್ನು ನೋಡಿದ ಮೇಲೆಯೇ ನಾನು ನನ್ನ ಎಲೆಗೆ ಕೈ ಹಾಕುತ್ತೇನೆ.